ಅದೇ ಸೋರ್ಸ್, ಅದೇ ಬೈನರಿ: ಬಹು ವೇದಿಕೆ ಪ್ರಾಜೆಕ್ಟ್‌ಗಳ ಬಿಲ್ಡ್ ಪರಿಸರಕ್ಕೆ ಸಮಗ್ರ ಮಾರ್ಗದರ್ಶಿ

ಮೂರು ವರ್ಷ ಹಳೆಯ ಆವೃತ್ತಿಯೊಂದಕ್ಕೆ ಒಂದೇ ಸಾಲಿನ ಭದ್ರತಾ ತಿದ್ದುಪಡಿ ಹಾಕಬೇಕಾಗಿ ಬಂತು. ಗಿಟ್‌ನಲ್ಲಿ ಟ್ಯಾಗ್ ಭದ್ರವಾಗಿತ್ತು, ಸೋರ್ಸ್ ಕೋಡ್‌ನಲ್ಲಿ ಒಂದಕ್ಷರವೂ ಕಳೆದಿರಲಿಲ್ಲ. ಸಾಲು ತಿದ್ದಲು ಐದು ನಿಮಿಷ ಸಾಕಾಯಿತು. ತೊಂದರೆ ಶುರುವಾಗಿದ್ದು ಬಿಲ್ಡ್ ಮಾಡಲು, ಅಂದರೆ ಸೋರ್ಸ್‌ನಿಂದ ಓಡುವ ಬೈನರಿ ತಯಾರಿಸಲು, ಹೋದಾಗ. ಬಿಲ್ಡ್‌ಗೆ ಬೇಕಾದ ಸಾಧನಗಳನ್ನು ತುಂಬಿಟ್ಟ ಡಾಕರ್ ಇಮೇಜ್‌ನ ಟ್ಯಾಗ್ ಹೆಸರು ಅದೇ ಇದ್ದರೂ ಅದರೊಳಗಿನ ಕಂಪೈಲರ್ ಬದಲಾಗಿತ್ತು. ಎರಡು ಲೈಬ್ರರಿಗಳ ಆ ಕಾಲದ ಆವೃತ್ತಿಗಳು ಎಲ್ಲೂ ಸಿಗಲಿಲ್ಲ. ವಿಂಡೋಸ್ ಬಿಲ್ಡ್ ಆಗುತ್ತಿದ್ದ ಯಂತ್ರವನ್ನು ಯಾರೋ ಒರೆಸಿ ಬೇರೆ ಕೆಲಸಕ್ಕೆ ಹಚ್ಚಿದ್ದರು. ಆ ಒಂದು ಸಾಲು ಬಳಕೆದಾರರಿಗೆ ತಲುಪುವ ಹೊತ್ತಿಗೆ ಎರಡು ವಾರ ಕಳೆದಿತ್ತು, ಮತ್ತು ಆ ಎರಡೂ ವಾರ ಅವರ ಯಂತ್ರಗಳು ಅಪಾಯದಲ್ಲೇ ಇದ್ದವು. ಸೋರ್ಸ್ ಕೋಡ್ ಉಳಿಸಿಕೊಂಡರೆ ಸಾಫ್ಟ್‌ವೇರ್ ಉಳಿಸಿಕೊಂಡಂತೆ ಎಂಬ ನನ್ನ ನಂಬಿಕೆ ಅಲ್ಲಿಗೆ ಹೋಯಿತು.

ಈ ವಿಷಯದಲ್ಲಿ ಎರಡು ಮಾತುಗಳು ಒಂದಕ್ಕೊಂದು ಬೆರೆತು ಹೋಗುತ್ತವೆ. ಒಂದು, ಬಿಲ್ಡ್ ಪರಿಸರವನ್ನು ಮತ್ತೆ ಹಾಗೆಯೇ ನಿಲ್ಲಿಸಲು ಸಾಧ್ಯವಾಗುವುದು: ಅದೇ ಕಂಪೈಲರ್, ಅದೇ ಲೈಬ್ರರಿ, ಅದೇ ಸ್ಕ್ರಿಪ್ಟ್. ಇನ್ನೊಂದು, ಆ ಪರಿಸರದಿಂದ ಹೊರಬರುವ ಫೈಲ್ ಪ್ರತಿ ಸಲವೂ ಬಿಟ್‌ಗೆ ಬಿಟ್ ಒಂದೇ ಆಗಿರುವುದು. ಮೊದಲನೆಯದು ಇದ್ದ ಮಾತ್ರಕ್ಕೆ ಎರಡನೆಯದು ಬರುವುದಿಲ್ಲ. ಆದರೆ ಎರಡನೆಯದನ್ನು ಅಳೆಯಬಹುದು: ಎರಡು ಫೈಲ್‌ಗಳ ಹ್ಯಾಶ್, ಅಂದರೆ ಒಳಗಿನ ಬೈಟ್‌ಗಳಿಂದ ಲೆಕ್ಕ ಹಾಕಿದ ಬೆರಳಚ್ಚು, ಒಂದೇ ಇವೆಯೋ ಇಲ್ಲವೋ, ಅಷ್ಟೇ. ಅದಕ್ಕಾಗಿಯೇ ಈ ಮಾರ್ಗದರ್ಶಿಯಲ್ಲಿ ಅಳತೆ ಮೊದಲು, ಸಾಧನಗಳು ಆಮೇಲೆ.

ಬಿಟ್‌ಗೆ ಬಿಟ್ ಯಾಕೆ ಬೇಕು ಎಂದು ಕೇಳುವವರಿಗೆ ಒಂದು ಮಾತು. 1984ರಲ್ಲಿ ಯೂನಿಕ್ಸ್ ರೂಪಿಸಿದವರಲ್ಲೊಬ್ಬರಾದ ಕೆನ್ ಥಾಮ್ಸನ್ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ, ಸೋರ್ಸ್‌ನಲ್ಲಿ ಎಲ್ಲೂ ಕಾಣದ ಹಿಂಬಾಗಿಲನ್ನು ಕಂಪೈಲರ್ ತಾನೇ ಸೇರಿಸಬಲ್ಲದು ಎಂದು ತೋರಿಸಿಕೊಟ್ಟರು. 2020ರ ಕೊನೆಗೆ ಬೆಳಕಿಗೆ ಬಂದ, ಸೋಲಾರ್‌ವಿಂಡ್ಸ್ ಎಂಬ ಸಾಫ್ಟ್‌ವೇರ್ ಕಂಪನಿಯ ಮೇಲಿನ ದಾಳಿಯಲ್ಲಿ ಬಿಲ್ಡ್ ನಡೆಯುವ ಹೊತ್ತಿಗೆ ಸರಿಯಾಗಿ ಸೋರ್ಸ್ ಫೈಲೊಂದನ್ನು ಬದಲಿಸಲಾಗುತ್ತಿತ್ತು. ಸಹಿ ಅಸಲಿಯೇ, ಒಳಗಿನ ಸರಕು ಮಾತ್ರ ಕಲಬೆರಕೆ. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯಿಂಡ್ ಪತ್ತೆ ಮಾಡಿದ, ಎಕ್ಸ್‌ಜೆಡ್ ಎಂಬ ಸಂಕುಚನ ಸಾಧನದ ಹಿಂಬಾಗಿಲಿನಲ್ಲಿ, ಅದನ್ನು ಚಾಲೂ ಮಾಡುವ ತುಣುಕು ಗಿಟ್‌ನಲ್ಲಿ ಇರಲಿಲ್ಲ, ಬಿಡುಗಡೆಯ ಟಾರ್ ಕಟ್ಟಿನಲ್ಲಿ (ಫೈಲ್‌ಗಳನ್ನು ಒಟ್ಟುಗೂಡಿಸಿದ ಆರ್ಕೈವ್) ಮಾತ್ರ ಇತ್ತು. ಸೋರ್ಸ್‌ನಿಂದ ಬಿಡುಗಡೆಯವರೆಗಿನ ದಾರಿಯನ್ನು ಬೇರೊಬ್ಬರು ತಮ್ಮ ಯಂತ್ರದಲ್ಲಿ ನಡೆದು ನೋಡುವಂತಿದ್ದರೆ, ಇಂಥದ್ದನ್ನು ಬಚ್ಚಿಡುವುದು ಬಹಳ ಕಷ್ಟ.

ಹೆಜ್ಜೆ 1: ಇವತ್ತೇ ಎರಡು ಸಲ ಬಿಲ್ಡ್ ಮಾಡಿ

ಯಾವ ಹೊಸ ಸಾಧನವನ್ನೂ ತರಬೇಡಿ. ಈಗಿರುವ ಸ್ಕ್ರಿಪ್ಟ್‌ನಿಂದಲೇ ಒಂದು ಬಿಲ್ಡ್ ಮಾಡಿ, ಸಿಕ್ಕ ಫೈಲ್‌ಗಳ ಎಸ್‌ಎಚ್‌ಎ-256 ಹ್ಯಾಶ್ ಬರೆದಿಡಿ. ಎಲ್ಲ ಅಳಿಸಿ, ಕ್ಯಾಶ್ ಖಾಲಿ ಮಾಡಿ, ಹೊಸದಾಗಿ ಕ್ಲೋನ್ ಮಾಡಿ ಮತ್ತೊಮ್ಮೆ ಬಿಲ್ಡ್ ಮಾಡಿ. ಹೆಚ್ಚಿನ ಪ್ರಾಜೆಕ್ಟ್‌ಗಳು ಇಲ್ಲಿಯೇ ಮುಗ್ಗರಿಸುತ್ತವೆ. ಹೆದರಬೇಕಿಲ್ಲ. ಯಾವ ಫೈಲ್ ಹೊಂದುತ್ತದೆ, ಯಾವುದು ಹೊಂದುವುದಿಲ್ಲ ಎಂಬ ಪಟ್ಟಿಯೇ ಮುಂದಿನ ಕೆಲಸದ ನಕ್ಷೆ.

ಒಂದೇ ಯಂತ್ರದಲ್ಲಿ ಹೊಂದಿಕೆ ಬಂದ ಮೇಲೆ ಬೇಕೆಂದೇ ಪರಿಸ್ಥಿತಿ ಕೆಡಿಸಿ: ಬೇರೆ ಡೈರೆಕ್ಟರಿ, ಬೇರೆ ಬಳಕೆದಾರ ಹೆಸರು, ಬೇರೆ ಸಮಯ ವಲಯ, ಬೇರೆ ಭಾಷಾ ಸೆಟ್ಟಿಂಗ್, ಬೇರೆ ಯೂಮಾಸ್ಕ್ (ಹೊಸ ಫೈಲ್‌ಗಳ ಅನುಮತಿ ಸೆಟ್ಟಿಂಗ್), ಒಂದು ಕೋರ್ ಬದಲು ಎಂಟು ಕೋರ್. ಗಡಿಯಾರವನ್ನು ಒಂದು ವರ್ಷ ಮುಂದಕ್ಕೆ ತಳ್ಳಿಯೂ ನೋಡಿ. ಡೆಬಿಯನ್ ಲಿನಕ್ಸ್ ಬಳಗದ ರೆಪ್ರೊಟೆಸ್ಟ್ ಎಂಬ ಸಾಧನ ಇವನ್ನೆಲ್ಲ ತಾನೇ ಬದಲಿಸಿ ಎರಡು ಬಿಲ್ಡ್ ನಡೆಸುತ್ತದೆ. ಅದರ ಜೊತೆಗಾರ ಡಿಸಾರ್ಡರ್‌ಎಫ್‌ಎಸ್, ಡೈರೆಕ್ಟರಿಯೊಳಗಿನ ಫೈಲ್‌ಗಳನ್ನು ಬೇಕೆಂದೇ ಅಡ್ಡಾದಿಡ್ಡಿ ಕ್ರಮದಲ್ಲಿ ಕೊಡುತ್ತದೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಸದಾ ಒಂದೇ ಕ್ರಮದಲ್ಲಿ ಬರುವ ಪಟ್ಟಿ ಮತ್ತೊಂದು ಫೈಲ್ ಸಿಸ್ಟಮ್‌ನಲ್ಲಿ ಹಾಗೆಯೇ ಬರಬೇಕೆಂಬ ನಿಯಮವೇನೂ ಇಲ್ಲ.

ಹೆಜ್ಜೆ 2: ಎಷ್ಟು ವೇದಿಕೆ, ಎಷ್ಟು ಬಿಲ್ಡ್ ಯಂತ್ರ

ಇಲ್ಲೊಂದು ತಪ್ಪು ಕಲ್ಪನೆ ಇದೆ. ಲಿನಕ್ಸ್ ಬೈನರಿಯನ್ನೂ ವಿಂಡೋಸ್ ಬೈನರಿಯನ್ನೂ ಹೋಲಿಸುವ ಪ್ರಶ್ನೆಯೇ ಬರುವುದಿಲ್ಲ, ಅವು ಬೇರೆ ಬೇರೆ ವಸ್ತುಗಳು. ಪ್ರತಿ ಗುರಿ ವೇದಿಕೆಯ ಫಲಿತಾಂಶ ತನಗೆ ತಾನು ಹೊಂದಬೇಕು: ಇವತ್ತಿನ ವಿಂಡೋಸ್ ಬಿಲ್ಡ್ ನಾಳೆಯ ವಿಂಡೋಸ್ ಬಿಲ್ಡ್‌ಗೆ ಸಮ.

ಹಾಗಾದರೆ ತೀರ್ಮಾನಿಸಬೇಕಾದದ್ದು ಗುರಿ ವೇದಿಕೆಗಳಿಗಿಂತ ಹೆಚ್ಚಾಗಿ ಬಿಲ್ಡ್ ನಡೆಯುವ ಯಂತ್ರಗಳ ಸಂಖ್ಯೆ. ಮೂರು ಆಪರೇಟಿಂಗ್ ಸಿಸ್ಟಮ್‌ಗಳ ಬಿಲ್ಡ್ ಪರಿಸರವನ್ನು ವರ್ಷಗಟ್ಟಲೆ ಹಿಡಿದಿಡುವುದಕ್ಕಿಂತ ಒಂದನ್ನು ಹಿಡಿದಿಡುವುದು ಎಷ್ಟೋ ಸುಲಭ. ಸಾಧ್ಯವಿದ್ದರೆ ಲಿನಕ್ಸ್ ಒಂದರಿಂದಲೇ ಎಲ್ಲ ವೇದಿಕೆಗಳಿಗೂ ಕ್ರಾಸ್ ಕಂಪೈಲ್ (ಒಂದು ವೇದಿಕೆಯಲ್ಲಿ ಕೂತು ಇನ್ನೊಂದಕ್ಕೆ ಬಿಲ್ಡ್) ಮಾಡಿ ಎಂಬುದು ನನ್ನ ಖಚಿತ ಸಲಹೆ. ಟಾರ್ ಬ್ರೌಸರ್ ಮತ್ತು ಬಿಟ್‌ಕಾಯಿನ್ ಕೋರ್ ಎರಡೂ ಮಾಡುವುದು ಇದನ್ನೇ. ಬಿಟ್‌ಕಾಯಿನ್ ಕೋರ್ 2021ರ 22.0 ಆವೃತ್ತಿಯಿಂದ ಗೀಕ್ಸ್ ಎಂಬ ಪ್ಯಾಕೇಜ್ ವ್ಯವಸ್ಥೆ ಬಳಸಿ ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರಕ್ಕೂ ಬಿಲ್ಡ್ ಮಾಡುತ್ತಿದೆ. ಹಲವರು ತಮ್ಮ ತಮ್ಮ ಯಂತ್ರದಲ್ಲಿ ಬಿಲ್ಡ್ ಮಾಡಿ, ಬಂದ ಹ್ಯಾಶ್‌ಗೆ ಸಹಿ ಹಾಕಿ ಪ್ರಕಟಿಸುತ್ತಾರೆ.

ಗೋ ಭಾಷೆಯಲ್ಲಿ ಇದು ತೀರ ಸುಲಭ: ‘ಗೋಓಎಸ್’, ‘ಗೋಆರ್ಚ್’ ಬದಲಿಸಿದರೆ ಸಾಕು, ಸಿ ಲೈಬ್ರರಿಗಳ ನಂಟು ಇಲ್ಲದಿದ್ದರೆ ‘ಸಿಗೋ_ಎನೇಬಲ್ಡ್=0’ ಇಡಿ. ಸಿ, ಸಿ++ ಕೋಡನ್ನು ವಿಂಡೋಸ್‌ಗೆ ಬಿಲ್ಡ್ ಮಾಡಲು ಮಿಂಗ್‌ಡಬ್ಲ್ಯು-ಡಬ್ಲ್ಯು64 ಇದೆ. ಆದರೆ ಮೈಕ್ರೋಸಾಫ್ಟ್ ಕಂಪೈಲರ್‌ನಿಂದ ಬಂದ ಸಿ++ ಲೈಬ್ರರಿಗಳ ಜೊತೆ ಲಿಂಕ್ ಮಾಡಲೇಬೇಕಿದ್ದರೆ ಮಿಂಗ್‌ಡಬ್ಲ್ಯು ಒಗ್ಗುವುದಿಲ್ಲ, ಎರಡರ ಎಬಿಐ (ಕಂಪೈಲ್ ಆದ ಕೋಡ್ ತುಣುಕುಗಳು ಪರಸ್ಪರ ಹೊಂದಿಕೊಳ್ಳುವ ನಿಯಮ) ಬೇರೆ. ಆಗ ವಿಂಡೋಸ್ ಯಂತ್ರ, ಇಲ್ಲವೇ ಮೈಕ್ರೋಸಾಫ್ಟ್ ಎಬಿಐ ಬಲ್ಲ ಕ್ಲ್ಯಾಂಗ್-ಸಿಎಲ್‌ನಂಥ ಕಂಪೈಲರ್ ಬೇಕು. ಮ್ಯಾಕ್‌ಗೆ ಆಪಲ್‌ನ ಎಸ್‌ಡಿಕೆ (ಡೆವಲಪರ್‌ಗಳಿಗೆ ಕೊಡುವ ಲೈಬ್ರರಿ, ಸಾಧನಗಳ ಕಟ್ಟು) ಬೇಕು, ಅದರ ಪರವಾನಗಿ ಷರತ್ತು ಓದಿಯೇ ಮುಂದುವರಿಯಿರಿ.

ಹೆಜ್ಜೆ 3: ಒಳಬರುವುದೆಲ್ಲಕ್ಕೂ ಹ್ಯಾಶ್

ಬಿಲ್ಡ್‌ಗೆ ಒಳಬರುವ ಪ್ರತಿ ವಸ್ತುವನ್ನೂ ಹೆಸರಿನಿಂದಲ್ಲದೆ ಹ್ಯಾಶ್‌ನಿಂದ ಗುರುತಿಸಿ. ಹೆಸರಿನ ಹಿಂದಿನ ಸರಕನ್ನು ಯಾರು ಬೇಕಾದರೂ ಬದಲಿಸಬಹುದು, ಹ್ಯಾಶ್‌ನ ಹಿಂದಿನದನ್ನು ಹಾಗೆ ಬದಲಿಸಲು ಬರುವುದಿಲ್ಲ.

ಭಾಷೆಯ ಪ್ಯಾಕೇಜ್‌ಗಳಿಗೆ ಲಾಕ್ ಫೈಲ್ (ಪ್ರತಿ ಪ್ಯಾಕೇಜ್‌ನ ನಿಖರ ಆವೃತ್ತಿ ಬರೆದಿಟ್ಟ ಫೈಲ್) ಇದ್ದರಷ್ಟೇ ಸಾಲದು, ಬಿಲ್ಡ್ ಅದನ್ನು ಗೌರವಿಸಬೇಕು. ನೋಡ್‌ನಲ್ಲಿ ‘ಎನ್‌ಪಿಎಂ ಇನ್‌ಸ್ಟಾಲ್’ ಬದಲು ‘ಎನ್‌ಪಿಎಂ ಸಿಐ’ ಬಳಸಿ. ರಸ್ಟ್‌ನಲ್ಲಿ ಕಾರ್ಗೋಗೆ ‘--ಲಾಕ್ಡ್’ ಕೊಡಿ. ಪೈಥಾನ್‌ನ ಪಿಪ್‌ಗೆ ‘--ರಿಕ್ವೈರ್-ಹ್ಯಾಶಸ್’ ಕೊಟ್ಟರೆ ಹ್ಯಾಶ್ ಇಲ್ಲದ ಯಾವ ಪ್ಯಾಕೇಜನ್ನೂ ಅದು ಒಳಬಿಡುವುದಿಲ್ಲ.

ಕಂಪೈಲರ್ ಕೂಡ ಒಂದು ಅವಲಂಬನೆಯೇ. ಅನೇಕರು ನೂರಾರು ಲೈಬ್ರರಿಗಳನ್ನು ಲಾಕ್ ಮಾಡಿ ಕಂಪೈಲರನ್ನು ಮಾತ್ರ ಆಯಾ ಯಂತ್ರಕ್ಕೆ ಬಿಟ್ಟುಬಿಡುತ್ತಾರೆ. ರಸ್ಟ್‌ಗೆ ರಿಪೋದೊಳಗೆ ಟೂಲ್‌ಚೈನ್ ಫೈಲ್ ಇಡಬಹುದು. ಉಳಿದ ಭಾಷೆಗಳಲ್ಲಿ ಮುಂದಿನ ಹೆಜ್ಜೆಯ ಕಂಟೇನರ್ (ಇಮೇಜ್‌ನಿಂದ ಓಡುವ ಪ್ರತ್ಯೇಕ ಪರಿಸರ) ಅಥವಾ ನಿಕ್ಸ್ ಎಂಬ ಪ್ಯಾಕೇಜ್ ವ್ಯವಸ್ಥೆ ಆ ಕೆಲಸ ಮಾಡುತ್ತದೆ.

ಡಾಕರ್ ಬಳಸುವವರು ಬೇಸ್ ಇಮೇಜನ್ನು ಟ್ಯಾಗ್ ಬದಲು ಡೈಜೆಸ್ಟ್‌ನಿಂದ, ಅಂದರೆ ಇಮೇಜ್‌ನ ಹ್ಯಾಶ್‌ನಿಂದ, ಹೇಳಿ. ಅಷ್ಟಾದರೂ ಡಾಕರ್‌ಫೈಲ್‌ನೊಳಗೆ ‘ಆಪ್ಟ್-ಗೆಟ್ ಅಪ್‌ಡೇಟ್’ ಇದ್ದರೆ ಬಾಗಿಲಿಗೆ ಬೀಗ ಹಾಕಿ ಕಿಟಕಿ ತೆರೆದಿಟ್ಟಂತೆ, ಅದು ಆ ದಿನ ಸರ್ವರ್‌ನಲ್ಲಿ ಏನಿದೆಯೋ ಅದನ್ನೇ ತರುತ್ತದೆ. ಡೆಬಿಯನ್‌ನ ಸ್ನ್ಯಾಪ್‌ಶಾಟ್ ಸರ್ವರ್, ರಿಪಾಸಿಟರಿ ಹಿಂದಿನ ದಿನಾಂಕಗಳಲ್ಲಿ ಹೇಗಿತ್ತೋ ಹಾಗೆಯೇ ಕೊಡುತ್ತದೆ. ಆಪ್ಟ್ ಅನ್ನು ಅದರ ಒಂದು ನಿರ್ದಿಷ್ಟ ದಿನಾಂಕಕ್ಕೆ ಕಟ್ಟಿಹಾಕಿ.

ಸೋರ್ಸ್ ಕಟ್ಟುಗಳ ವಿಷಯದಲ್ಲೂ ಎಚ್ಚರ. ಹೋಸ್ಟಿಂಗ್ ತಾಣಗಳು ಟ್ಯಾಗ್‌ನಿಂದ ತಾವಾಗಿ ತಯಾರಿಸುವ ಟಾರ್ ಕಟ್ಟಿನ ಹ್ಯಾಶ್ ಸ್ಥಿರವೆಂದು ನಂಬಬೇಡಿ. 2023ರ ಜನವರಿಯಲ್ಲಿ ಗಿಟ್‌ನ ಸಂಕುಚನ ವಿಧಾನ ಬದಲಾದದ್ದರಿಂದ ಗಿಟ್‌ಹಬ್‌ನ ಅಂಥ ಕಟ್ಟುಗಳ ಹ್ಯಾಶ್ ಏಕಾಏಕಿ ಬದಲಾಗಿ ಅನೇಕ ಬಿಲ್ಡ್‌ಗಳು ನಿಂತುಹೋದವು, ಬದಲಾವಣೆಯನ್ನು ಹಿಂತೆಗೆದುಕೊಳ್ಳಬೇಕಾಯಿತು. ಒಳಗಿನ ಫೈಲ್‌ಗಳು ಒಂದೇ, ಜಿಜಿಪ್ ಹೊದಿಕೆ ಮಾತ್ರ ಬೇರೆಯಾಗಿತ್ತು. ಕಮಿಟ್ ಹ್ಯಾಶ್‌ನಿಂದ ತನ್ನಿ, ಇಲ್ಲವೇ ಕಟ್ಟಿನ ನಿಮ್ಮದೇ ಪ್ರತಿ ಇಟ್ಟುಕೊಳ್ಳಿ.

ಎಲ್ಲ ಮುಗಿದ ಮೇಲೆ ನೆಟ್‌ವರ್ಕ್ ಕಡಿಯಿರಿ. ಡೌನ್‌ಲೋಡ್ ಒಂದು ಹಂತ, ಬಿಲ್ಡ್ ಇನ್ನೊಂದು ಹಂತ. ಎರಡನೆಯದನ್ನು ಡಾಕರ್‌ಗೆ ‘--ನೆಟ್‌ವರ್ಕ್=ನನ್’ ಕೊಟ್ಟು ಓಡಿಸಿ. ಎಲ್ಲಿ ಸೋರಿಕೆ ಇದೆಯೋ ಅಲ್ಲೇ ಬಿಲ್ಡ್ ಒಡೆಯುತ್ತದೆ. ಈ ಒಂದು ಪರೀಕ್ಷೆಯಷ್ಟು ಬೇಗ ಸತ್ಯ ಹೇಳುವುದು ಬೇರಾವುದೂ ಇಲ್ಲ.

ಹೆಜ್ಜೆ 4: ಕಂಟೇನರ್, ನಿಕ್ಸ್, ಗೀಕ್ಸ್

ತಂಡಕ್ಕೆ ಡಾಕರ್ ಅಥವಾ ಪಾಡ್‌ಮ್ಯಾನ್ ಗೊತ್ತಿದ್ದರೆ ಅಲ್ಲಿಂದಲೇ ಶುರು ಮಾಡಿ. ಕಂಟೇನರ್ ಹೊರಗಿನ ಕರ್ನಲ್ಲನ್ನೇ ಬಳಸುತ್ತದೆ ಎಂಬುದು ನೆನಪಿರಲಿ: ಯಾವುದಾದರೂ ಸ್ಕ್ರಿಪ್ಟ್ ‘ಯುನೇಮ್’ ಕೇಳಿ ಕರ್ನಲ್ ಆವೃತ್ತಿಯನ್ನು ಬೈನರಿಯೊಳಗೆ ಬರೆಯುತ್ತಿದ್ದರೆ ಕಂಟೇನರ್ ಅದನ್ನು ತಡೆಯುವುದಿಲ್ಲ. ಸಿಪಿಯು ಕೂಡ ಹಾಗೆಯೇ. ಬಿಲ್ಡ್ ಯಂತ್ರದ ಸಿಪಿಯುಗೆ ತಕ್ಕಂತೆ ಕೋಡ್ ಹೊರಡಿಸುವ ‘-ಎಂಆರ್ಚ್=ನೇಟಿವ್’ ಎಲ್ಲಿದ್ದರೂ ಕಿತ್ತುಹಾಕಿ.

ನಿಕ್ಸ್ ಹುಟ್ಟಿದ್ದು 2003ರಲ್ಲಿ, ಎಲ್ಕೊ ಡೋಲ್‌ಸ್ಟ್ರಾ ಅವರ ಸಂಶೋಧನೆಯಾಗಿ. ಪ್ರತಿ ಪ್ಯಾಕೇಜೂ ತನ್ನ ಎಲ್ಲ ಒಳಸರಕುಗಳಿಂದ ಲೆಕ್ಕ ಹಾಕಿದ ಹ್ಯಾಶ್ ಹೊತ್ತ ದಾರಿಯಲ್ಲಿ ಕೂರುತ್ತದೆ, ಆದ್ದರಿಂದ ಒಂದೇ ಯಂತ್ರದಲ್ಲಿ ಐದು ಕಂಪೈಲರ್‌ಗಳಿದ್ದರೂ ಜಗಳವಿಲ್ಲ. ಪರಿಸರ ಹಿಡಿದಿಡುವುದರಲ್ಲಿ ಇದಕ್ಕಿಂತ ಗಟ್ಟಿಯಾದದ್ದನ್ನು ನಾನು ಬಳಸಿಲ್ಲ. ಆದರೆ ಒಂದು ಸೂಕ್ಷ್ಮ ಇದೆ. ಆ ಹ್ಯಾಶ್ ಸಾಮಾನ್ಯವಾಗಿ ಒಳಸರಕಿನದು, ಫಲಿತಾಂಶದ್ದಲ್ಲ. ದಾರಿ ಒಂದೇ ಇದ್ದ ಮಾತ್ರಕ್ಕೆ ಒಳಗಿನ ಬೈಟ್‌ಗಳು ಒಂದೇ ಎಂದಾಗುವುದಿಲ್ಲ. ಅದನ್ನು ನೋಡಲು ‘ನಿಕ್ಸ್-ಬಿಲ್ಡ್ --ಚೆಕ್’ ಎಂದು ಮತ್ತೆ ಬಿಲ್ಡ್ ಮಾಡಿಸಬೇಕು. ಗೀಕ್ಸ್‌ನಲ್ಲಿ ‘ಗೀಕ್ಸ್ ಚಾಲೆಂಜ್’ ಎಂಬ ಆಜ್ಞೆ ನಿಮ್ಮ ಫಲಿತಾಂಶವನ್ನು ಸರ್ವರ್‌ಗಳ ಫಲಿತಾಂಶದೊಂದಿಗೆ ಹೋಲಿಸುತ್ತದೆ, ‘ಟೈಮ್-ಮಷೀನ್’ ಹಳೆಯ ಕಾಲದ ಪ್ಯಾಕೇಜ್ ಸಂಗ್ರಹವನ್ನೇ ಎದುರಿಗೆ ತರುತ್ತದೆ.

ನಿಕ್ಸ್ ಕಲಿಯಲು ಸಮಯ ಬೇಕು. ತಂಡದಲ್ಲಿ ಒಬ್ಬರಿಗೆ ಮಾತ್ರ ಅರ್ಥವಾಗುವ ಬಿಲ್ಡ್ ವ್ಯವಸ್ಥೆ ಅವರು ಕೆಲಸ ಬಿಟ್ಟ ದಿನ ಅನಾಥವಾಗುತ್ತದೆ. ಇಬ್ಬರಾದರೂ ಕಲಿಯಲು ಸಿದ್ಧರಿದ್ದರೆ ಮಾತ್ರ ಕೈ ಹಾಕಿ.

ಹೆಜ್ಜೆ 5: ಸಮಯ, ಭಾಷೆ, ದಾರಿ

ಬಿಲ್ಡ್ ಸ್ಕ್ರಿಪ್ಟ್‌ನ ತಲೆಯಲ್ಲೇ ಸಮಯ ವಲಯ ‘ಟಿಜೆಡ್=ಯುಟಿಸಿ’, ಭಾಷೆ ‘ಎಲ್‌ಸಿ_ಆಲ್=ಸಿ’, ಯೂಮಾಸ್ಕ್ 022 ಎಂದು ಗಟ್ಟಿ ಮಾಡಿ. ಭಾಷೆಯ ಸೆಟ್ಟಿಂಗ್ ಬದಲಾದರೆ ಅಕ್ಷರಾನುಕ್ರಮವೇ ಬದಲಾಗುತ್ತದೆ, ಅದರಿಂದ ‘ಸಾರ್ಟ್’ ಕೊಡುವ ಪಟ್ಟಿ, ಅದರಿಂದ ಲಿಂಕ್ ಆಗುವ ಕ್ರಮ.

ಸಮಯಕ್ಕೆ ‘ಸೋರ್ಸ್_ಡೇಟ್_ಎಪಾಕ್’ ಎಂಬ ಪರಿಸರ ಚರಾಂಶವಿದೆ. 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳ ಸಂಖ್ಯೆಯನ್ನು ಅದರಲ್ಲಿಟ್ಟರೆ, ಅದನ್ನು ಬಲ್ಲ ಸಾಧನಗಳು ‘ಈಗ’ ಎನ್ನುವ ಕಡೆಯಲ್ಲೆಲ್ಲ ಆ ಸಂಖ್ಯೆಯನ್ನೇ ಬರೆಯುತ್ತವೆ. ಕೊನೆಯ ಕಮಿಟ್‌ನ ಸಮಯ ಕೊಡುವುದು ರೂಢಿ: ‘ಗಿಟ್ ಲಾಗ್ -1 --ಪ್ರೆಟಿ=%ಸಿಟಿ’. ಸೊನ್ನೆ ಕೊಟ್ಟರೆ ಸುಲಭವಲ್ಲವೇ ಅನಿಸಬಹುದು. ಜಿಪ್ ಫೈಲ್‌ಗಳ ದಿನಾಂಕ 1980ರಿಂದ ಶುರುವಾಗುತ್ತದೆ, ಅಲ್ಲಿ ಸೊನ್ನೆ ಕೈಕೊಡುತ್ತದೆ. ಜಿಸಿಸಿ 7ರಿಂದ, ಕ್ಲ್ಯಾಂಗ್ 16ರಿಂದ ಈ ಚರಾಂಶವನ್ನು ‘__ಡೇಟ್__’ ಮತ್ತು ‘__ಟೈಮ್__’ ಮ್ಯಾಕ್ರೋಗಳಿಗೂ ಅನ್ವಯಿಸುತ್ತವೆ. ಆದರೂ ಆ ಮ್ಯಾಕ್ರೋಗಳನ್ನು ತೆಗೆದುಹಾಕುವುದೇ ಮೇಲು. ‘-ಡಬ್ಲ್ಯುಡೇಟ್-ಟೈಮ್’ ಎಚ್ಚರಿಕೆ ಹಾಕಿದರೆ ಅವು ಎಲ್ಲೆಲ್ಲಿ ಅಡಗಿವೆ ಎಂದು ಕಂಪೈಲರ್ರೇ ತೋರಿಸುತ್ತದೆ.

ಬಿಲ್ಡ್ ಡೈರೆಕ್ಟರಿಯ ದಾರಿ ಡೀಬಗ್ ಮಾಹಿತಿಯೊಳಗೂ ದೋಷ ಸಂದೇಶಗಳೊಳಗೂ ನುಸುಳುತ್ತದೆ. ಜಿಸಿಸಿ, ಕ್ಲ್ಯಾಂಗ್‌ಗೆ ‘-ಎಫ್‌ಫೈಲ್-ಪ್ರಿಫಿಕ್ಸ್-ಮ್ಯಾಪ್’, ರಸ್ಟ್‌ಗೆ ‘--ರೀಮ್ಯಾಪ್-ಪಾತ್-ಪ್ರಿಫಿಕ್ಸ್’, ಗೋಗೆ ‘-ಟ್ರಿಮ್‌ಪಾತ್’.

ಪ್ಯಾಕ್ ಮಾಡುವ ಹಂತವನ್ನು ಮರೆಯಬೇಡಿ. ಗ್ನೂ ಟಾರ್‌ಗೆ ಹೆಸರಿನ ಕ್ರಮಕ್ಕಾಗಿ ‘--ಸಾರ್ಟ್=ನೇಮ್’, ಸಮಯಕ್ಕೆ ‘--ಎಂಟೈಮ್’, ಮಾಲೀಕತ್ವಕ್ಕೆ ‘--ಓನರ್=0 --ಗ್ರೂಪ್=0 --ನ್ಯೂಮರಿಕ್-ಓನರ್’ ಮೂರನ್ನೂ ಕೊಡಿ. ಜಿಜಿಪ್‌ಗೆ ‘-ಎನ್’ ಕೊಟ್ಟರೆ ಹೆಸರೂ ಸಮಯವೂ ತಲೆಬರಹದಲ್ಲಿ ಉಳಿಯುವುದಿಲ್ಲ.

ಗಿಟ್‌ಗೂ ಒಂದು ಸಾಲು: ‘.ಗಿಟ್‌ಆಟ್ರಿಬ್ಯೂಟ್ಸ್’ ಫೈಲ್‌ನಲ್ಲಿ ಸಾಲಿನ ಕೊನೆಯ ಗುರುತನ್ನು ‘ಎಲ್‌ಎಫ್’ ಎಂದು ನಿಗದಿ ಮಾಡಿ. ಇಲ್ಲದಿದ್ದರೆ ವಿಂಡೋಸ್‌ನಲ್ಲಿ ಕ್ಲೋನ್ ಆದ ಟೆಂಪ್ಲೇಟ್ ಫೈಲ್ ಪ್ರತಿ ಸಾಲಿಗೂ ಒಂದು ಹೆಚ್ಚುವರಿ ಬೈಟ್ ಹೊತ್ತು ಬೈನರಿ ಸೇರುತ್ತದೆ. ಮ್ಯಾಕ್ ಮತ್ತು ವಿಂಡೋಸ್‌ನ ಫೈಲ್ ಸಿಸ್ಟಮ್‌ಗಳು ಸಾಮಾನ್ಯವಾಗಿ ದೊಡ್ಡಕ್ಷರ, ಸಣ್ಣಕ್ಷರದ ಭೇದ ಮಾಡುವುದಿಲ್ಲ, ಹೆಸರಿನಲ್ಲಿ ಅಷ್ಟೇ ವ್ಯತ್ಯಾಸವಿರುವ ಎರಡು ಫೈಲ್‌ಗಳು ರಿಪೋದಲ್ಲಿ ಇರದಂತೆ ನೋಡಿಕೊಳ್ಳಿ.

ಹೆಜ್ಜೆ 6: ವ್ಯತ್ಯಾಸದ ಬೇರು ಹುಡುಕುವುದು

ಇಷ್ಟಾದರೂ ಹ್ಯಾಶ್ ಹೊಂದದಿದ್ದರೆ ಡಿಫೋಸ್ಕೋಪ್ ತೆಗೆಯಿರಿ. ಡೆಬಿಯನ್‌ನವರೇ ಬೆಳೆಸಿದ ಸಾಧನ. ಎರಡು ಫೈಲ್ ಕೊಟ್ಟರೆ ಕಟ್ಟು ಬಿಚ್ಚಿ, ಅದರೊಳಗಿನ ಕಟ್ಟನ್ನೂ ಬಿಚ್ಚಿ, ಬೈನರಿಯ ಒಂದೊಂದು ಭಾಗವನ್ನೂ ಓದಬಹುದಾದ ರೂಪಕ್ಕೆ ತಂದು ಅಕ್ಕಪಕ್ಕ ತೋರಿಸುತ್ತದೆ.

ಒಂದು ಪ್ರಸಂಗ ಹೇಳುತ್ತೇನೆ. ನನ್ನ ಲ್ಯಾಪ್‌ಟಾಪ್‌ನ ಬಿಲ್ಡ್‌ಗೂ ಸಿಐ (ಕೋಡ್ ಬದಲಾದಾಗ ತಾನಾಗಿ ಬಿಲ್ಡ್ ಮಾಡುವ) ಯಂತ್ರದ ಬಿಲ್ಡ್‌ಗೂ ಹೊಂದಿಕೆ ಬರುತ್ತಿರಲಿಲ್ಲ. ಕಂಟೇನರ್ ಒಂದೇ, ಕಮಿಟ್ ಒಂದೇ. ಡಿಫೋಸ್ಕೋಪ್ ವರದಿ ಸಾವಿರಾರು ಸಾಲು. ಅಸೆಂಬ್ಲಿ ಸೂಚನೆಗಳ ತುಂಬ ವಿಳಾಸಗಳು ಬದಲಾಗಿದ್ದವು, ಕಂಪೈಲರ್‌ನಲ್ಲೇ ದೋಷವಿದೆ ಎಂದು ನಂಬಿ ಒಂದು ದಿನ ಅದರ ಹಿಂದೆ ಅಲೆದೆ. ಮರುದಿನ ಅಸೆಂಬ್ಲಿಯನ್ನು ಬದಿಗಿಟ್ಟು ‘.ಆರ್‌ಒಡೇಟಾ’ ಭಾಗ, ಅಂದರೆ ಬೈನರಿಯೊಳಗಿನ ಸ್ಥಿರ ಪಠ್ಯಗಳ ಜಾಗ, ಅದನ್ನಷ್ಟೇ ನೋಡಿದೆ. ಅಲ್ಲಿ ಬದಲಾಗಿದ್ದು ಒಂದೇ ಪಠ್ಯ. ಆವೃತ್ತಿ ಸಂಖ್ಯೆಯ ಪಕ್ಕದ ಕಮಿಟ್ ಗುರುತು ಒಂದರಲ್ಲಿ ‘4190372’, ಇನ್ನೊಂದರಲ್ಲಿ ‘419037258’. ಏಳಂಕೆ, ಒಂಬತ್ತಂಕೆ.

ಗಿಟ್ ಕಮಿಟ್ ಹ್ಯಾಶನ್ನು ಮೊಟಕು ಮಾಡುವಾಗ ಎಷ್ಟು ಉದ್ದ ಇಡಬೇಕೆಂದು ರಿಪೋದಲ್ಲಿ ಎಷ್ಟು ವಸ್ತುಗಳಿವೆ ಎಂಬ ಅಂದಾಜಿನಿಂದ ತೀರ್ಮಾನಿಸುತ್ತದೆ. ಸಿಐ ಯಂತ್ರ ಇತಿಹಾಸವನ್ನೆಲ್ಲ ಬಿಟ್ಟು ಕೊನೆಯ ಕಮಿಟ್ ಮಾತ್ರ ತರುವ ಶ್ಯಾಲೋ ಕ್ಲೋನ್ ಮಾಡುತ್ತಿತ್ತು. ನನ್ನ ಬಳಿ ಪೂರ್ತಿ ಇತಿಹಾಸವಿತ್ತು. ಆ ಎರಡು ಅಂಕೆ ಅದರ ನಂತರದ ಎಲ್ಲ ಪಠ್ಯಗಳನ್ನು ಮುಂದಕ್ಕೆ ತಳ್ಳಿತ್ತು, ಅವನ್ನು ಬೊಟ್ಟು ಮಾಡುವ ಪ್ರತಿ ವಿಳಾಸವೂ ಜರುಗಿತ್ತು. ಪೂರ್ತಿ 40 ಅಂಕೆಯ ಹ್ಯಾಶ್ ಬರೆಸಿದ ಮೇಲೆ ಸಾವಿರಾರು ಸಾಲಿನ ವರದಿ ಖಾಲಿಯಾಯಿತು. ಅಂದಿನಿಂದ ನಾನು ಪಠ್ಯಗಳ ಭಾಗವನ್ನು ಮೊದಲು ನೋಡುತ್ತೇನೆ, ಕೋಡ್ ಭಾಗವನ್ನು ಕಟ್ಟಕಡೆಗೆ.

ಪದೇ ಪದೇ ಸಿಗುವ ಇತರ ಕಾರಣಗಳು: ಹ್ಯಾಶ್ ಟೇಬಲ್ ಸುತ್ತಿ ಕೋಡ್ ಬರೆಯುವ ಸ್ಕ್ರಿಪ್ಟ್‌ಗಳು, ಪೈಥಾನ್‌ನಲ್ಲಾದರೆ ‘ಪೈಥಾನ್‌ಹ್ಯಾಶ್‌ಸೀಡ್=0’ ಇಟ್ಟು ಪರೀಕ್ಷಿಸಿ, ಆದರೆ ಸರಿಯಾದ ಪರಿಹಾರ ಬರೆಯುವ ಮುನ್ನ ಪಟ್ಟಿಯನ್ನು ಕ್ರಮಕ್ಕೆ ತರುವುದು. ಗ್ನೂ ಮೇಕ್‌ನ ‘ವೈಲ್ಡ್‌ಕಾರ್ಡ್’ 3.82ರಿಂದ 4.3ರ ಹಿಂದಿನವರೆಗಿನ ಆವೃತ್ತಿಗಳಲ್ಲಿ ಫೈಲ್‌ಗಳನ್ನು ಕ್ರಮವಾಗಿ ಕೊಡುವುದಿಲ್ಲ, ಅದಕ್ಕೆ ‘ಸಾರ್ಟ್’ ಹೊದಿಸಿ. ಪ್ರೊಫೈಲ್ ಆಧರಿಸಿ ಆಪ್ಟಿಮೈಸ್ ಮಾಡುವುದಿದ್ದರೆ ಆ ಪ್ರೊಫೈಲ್ ಫೈಲನ್ನು ಪ್ರತಿ ಸಲ ಹೊಸದಾಗಿ ತಯಾರಿಸದೆ ಸೋರ್ಸ್‌ನಂತೆಯೇ ಉಳಿಸಿಡಿ.

ಹೆಜ್ಜೆ 7: ವೇದಿಕೆಗಳ ಸ್ವಭಾವ

ವಿಂಡೋಸ್ ಬೈನರಿಗಳ ಫೈಲ್ ರೂಪವಾದ ಪಿಇಯ ತಲೆಬರಹದಲ್ಲಿ ಸಮಯದ ಜಾಗವಿದೆ. ಮೈಕ್ರೋಸಾಫ್ಟ್ ಕಂಪೈಲರ್‌ಗೂ ಲಿಂಕರ್‌ಗೂ ‘/ಬಿರೆಪ್ರೊ’ ಕೊಟ್ಟರೆ ಅಲ್ಲಿ ಗಡಿಯಾರದ ಬದಲು ಒಳಸರಕಿನ ಹ್ಯಾಶ್ ಕೂರುತ್ತದೆ. ಡೀಬಗ್ ಮಾಹಿತಿ ಇರುವ ಪಿಡಿಬಿ ಫೈಲ್‌ನ ದಾರಿ ಬೈನರಿಯೊಳಗೆ ಉಳಿಯದಂತೆ ‘/ಪಿಡಿಬಿಆಲ್ಟ್‌ಪಾತ್’ ಕೊಡಿ.

ಮ್ಯಾಕ್‌ನಲ್ಲಿ ಸ್ಥಿರ ಲೈಬ್ರರಿಗಳೊಳಗಿನ ಸಮಯ ಅಳಿಸಲು ‘ಜೀರೋ_ಎಆರ್_ಡೇಟ್=1’ ಇಡಿ. ಲಿನಕ್ಸ್‌ನಲ್ಲಿ ಅದೇ ಕೆಲಸಕ್ಕೆ ‘ಎಆರ್’ ಆಜ್ಞೆಯ ದೊಡ್ಡಕ್ಷರದ ‘ಡಿ’ ಆಯ್ಕೆ.

ಜಾವಾದ ಜಾರ್ ಫೈಲ್ ಎಂದರೆ ಜಿಪ್ಪೇ. ಮೇವನ್‌ನಲ್ಲಿ ‘ಪ್ರಾಜೆಕ್ಟ್.ಬಿಲ್ಡ್.ಔಟ್‌ಪುಟ್‌ಟೈಮ್‌ಸ್ಟ್ಯಾಂಪ್’ ನಿಗದಿ ಮಾಡಿ. ಗ್ರೇಡಲ್‌ನಲ್ಲಿ ಫೈಲ್‌ಗಳ ಸಮಯ ಉಳಿಸದಿರುವ, ಕ್ರಮ ಸ್ಥಿರವಾಗಿಡುವ ಎರಡು ಆಯ್ಕೆಗಳಿವೆ. ಗೋ ಭಾಷೆಯವರು ನಿಜಕ್ಕೂ ಮೆಚ್ಚಬೇಕಾದ ಕೆಲಸ ಮಾಡಿದ್ದಾರೆ: 2023ರ 1.21ರಿಂದ ಅವರ ಟೂಲ್‌ಚೈನೇ ಯಾವ ಯಂತ್ರದಲ್ಲಿ ಬಿಲ್ಡ್ ಆದರೂ ಬಿಟ್‌ಗೆ ಬಿಟ್ ಒಂದೇ.

ಹೆಜ್ಜೆ 8: ಸಹಿ ಬೇರೆ, ಬಿಲ್ಡ್ ಬೇರೆ

ಸಹಿ ಹಾಕುವ ಗುಪ್ತ ಕೀಲಿ ನಿಮ್ಮ ಬಳಿ ಮಾತ್ರ ಇರುತ್ತದೆ, ಜೊತೆಗೆ ಸಹಿಯೊಳಗೆ ಸಮಯವೂ ಸೇರಬಹುದು. ಹಾಗಾಗಿ ಸಹಿ ಆದ ಫೈಲನ್ನು ಇನ್ನೊಬ್ಬರು ತಾವಾಗಿ ಮರುಸೃಷ್ಟಿಸಲಾರರು. ಸಹಿ ಇಲ್ಲದ ಫೈಲ್‌ನ ಹ್ಯಾಶ್ ಪ್ರಕಟಿಸಿ, ಸಹಿಯನ್ನು ಪ್ರತ್ಯೇಕ ತುಣುಕಾಗಿ ಕೊಡಿ. ಪರೀಕ್ಷಿಸುವವರು ತಮ್ಮ ಬಿಲ್ಡ್‌ಗೆ ಆ ತುಣುಕನ್ನು ಅಂಟಿಸಿದರೆ ನೀವು ಹಂಚಿದ ಫೈಲೇ ಬರಬೇಕು. ಎಫ್-ಡ್ರಾಯ್ಡ್ ಎಂಬ ಆ್ಯಪ್ ಸಂಗ್ರಹ, ಹೀಗೆ ಮರುಸೃಷ್ಟಿಸಬಹುದಾದ ಆಂಡ್ರಾಯ್ಡ್ ಆ್ಯಪ್‌ಗಳಿಗೆ ಮಾಡುವುದು ಇದನ್ನೇ: ತಾನೇ ಸೋರ್ಸ್‌ನಿಂದ ಬಿಲ್ಡ್ ಮಾಡಿ ನೋಡಿ, ಹೊಂದಿದರೆ ಡೆವಲಪರ್ ಸಹಿ ಇರುವ ಎಪಿಕೆಯನ್ನೇ ಹಂಚುತ್ತದೆ.

ಹೆಜ್ಜೆ 9: ಕಾವಲು

ಇಲ್ಲಿಯವರೆಗೆ ಗಳಿಸಿದ್ದು ಒಂದು ಅವಸರದ ಪುಲ್ ರಿಕ್ವೆಸ್ಟ್‌ನಿಂದ ಹೋಗಬಹುದು. ಪ್ರತಿ ರಾತ್ರಿ ಸಿಐನಲ್ಲಿ ಎರಡು ಬಿಲ್ಡ್ ನಡೆಯಲಿ, ಬೇರೆ ಬೇರೆ ದಾರಿಯಲ್ಲಿ, ಬೇರೆ ಬೇರೆ ಸಮಯ ವಲಯದಲ್ಲಿ, ಎರಡಕ್ಕೂ ಕ್ಯಾಶ್ ಇಲ್ಲದೆ. ಹ್ಯಾಶ್ ಬೇರೆಯಾದರೆ ಡಿಫೋಸ್ಕೋಪ್ ವರದಿ ಸಹಿತ ಬಿಲ್ಡ್ ಕೆಂಪಾಗಲಿ. ನಿನ್ನೆ ಹೊಂದುತ್ತಿತ್ತು, ಇವತ್ತು ಹೊಂದುತ್ತಿಲ್ಲ ಎಂದಾದರೆ ಹುಡುಕಬೇಕಾದದ್ದು ಒಂದು ದಿನದ ಕಮಿಟ್‌ಗಳನ್ನು ಮಾತ್ರ. ಬಿಡುಗಡೆಯ ಬಿಲ್ಡನ್ನಂತೂ ಸಿಐ ಹೊರತಾದ ಇನ್ನೊಂದು ಯಂತ್ರದಲ್ಲಿ, ಬೇರೊಬ್ಬರ ಕೈಯಿಂದ ಮಾಡಿಸಿ ಹೋಲಿಸಿ. ಎರಡೂ ಬಿಲ್ಡ್ ಒಂದೇ ಸರ್ವರ್‌ನಲ್ಲಾದರೆ ಆ ಸರ್ವರ್ ಕೆಟ್ಟಾಗ ಎರಡೂ ಒಂದೇ ರೀತಿ ಕೆಡುತ್ತವೆ.

ಪ್ರತಿ ಬಿಡುಗಡೆಯ ಜೊತೆ ಒಂದು ದಾಖಲೆ ಫೈಲ್ ಇಡಿ. ಡೆಬಿಯನ್‌ನಲ್ಲಿ ಇದಕ್ಕೆ ‘ಬಿಲ್ಡ್‌ಇನ್ಫೋ’ ಎನ್ನುತ್ತಾರೆ: ಬಳಸಿದ ಪ್ರತಿ ಪ್ಯಾಕೇಜ್‌ನ ಆವೃತ್ತಿ, ಪರಿಸರ ಚರಾಂಶಗಳು, ಹೊರಬಂದ ಫೈಲ್‌ಗಳ ಹ್ಯಾಶ್. ಕಂಟೇನರ್ ಇಮೇಜ್, ಕಂಪೈಲರ್ ಕಟ್ಟು, ಲೈಬ್ರರಿ ಸೋರ್ಸ್‌ಗಳು, ಪರವಾನಗಿ ಒಪ್ಪಿದರೆ ಎಸ್‌ಡಿಕೆ, ಇವುಗಳ ನಿಮ್ಮದೇ ಪ್ರತಿಯನ್ನು ನಿಮ್ಮ ಹಿಡಿತದ ಜಾಗದಲ್ಲಿ ಇಟ್ಟುಕೊಳ್ಳಿ. ಲಾಕ್ ಫೈಲ್‌ನಲ್ಲಿ ಹ್ಯಾಶ್ ಇದ್ದು ಆ ಹ್ಯಾಶ್‌ನ ಫೈಲೇ ಲೋಕದಲ್ಲಿ ಇಲ್ಲವಾದರೆ, ಏನು ಕಳೆದುಹೋಯಿತು ಎಂಬುದಷ್ಟೇ ನಿಮಗೆ ನಿಖರವಾಗಿ ಗೊತ್ತಾಗುತ್ತದೆ.

ಈಗ ನಮ್ಮ ತಂಡದಲ್ಲಿ ಆರು ತಿಂಗಳಿಗೊಮ್ಮೆ ಒಂದು ಹಳೆಯ ಟ್ಯಾಗ್ ಆರಿಸಿ, ಖಾಲಿ ಯಂತ್ರದಲ್ಲಿ, ನಮ್ಮ ಸಂಗ್ರಹ ಬಿಟ್ಟು ಬೇರೆಲ್ಲ ನೆಟ್‌ವರ್ಕ್ ಕಡಿದು ಬಿಲ್ಡ್ ಮಾಡುತ್ತೇವೆ. ಅಂದು ಪ್ರಕಟಿಸಿದ ಹ್ಯಾಶ್ ಬರಬೇಕು. ಹಳೆಯ ಬಿಡುಗಡೆಗಳಿಗೆ ತಿದ್ದುಪಡಿ ಕೊಡುವ ಹೊಣೆ ಇರುವವರು ಈ ಪರೀಕ್ಷೆಗೆ ಕ್ಯಾಲೆಂಡರ್‌ನಲ್ಲಿ ದಿನ ಗೊತ್ತು ಮಾಡಿ, ಮತ್ತು ಮೊದಲ ಸಲ ಅದನ್ನು ಬಿಲ್ಡ್ ವ್ಯವಸ್ಥೆ ಕಟ್ಟಿದವರ ಕೈಗೆ ಕೊಡದೆ ತಂಡಕ್ಕೆ ಹೊಸದಾಗಿ ಸೇರಿದವರಿಂದ ಮಾಡಿಸಿ.